ಹತ್ತೊಂಬತ್ತು ಫೈಲುಗಳ ಪಾಳು ಲೋಕ

ನಮ್ಮಣ್ಣ ಲಿಫ್ಟ್ ರಿಪೇರಿಯವನು. ಕೇಬಲ್ ಸವೆದಿದೆಯೋ ಇಲ್ಲವೋ ಅಂತ ಸದ್ದು ಕೇಳಿಯೇ ಹೇಳುತ್ತಾನೆ. ಹೇಳಿದ ಹೊತ್ತಿಗೆ ಹೋಗುತ್ತಾನೆ, ಹೇಳಿದ ಹೊತ್ತಿಗೆ ಮುಗಿಸುತ್ತಾನೆ, ಮುಗಿಸಿದ ಮೇಲೆ ನೆಲ ಒರೆಸಿ ಬರುತ್ತಾನೆ. ಈ ಒಳ್ಳೆ ಮಾತುಗಳನ್ನೆಲ್ಲ ಮೊದಲೇ ಆಡಿ ಮುಗಿಸಿಬಿಡುತ್ತೇನೆ. ಸಿಟ್ಟು ಬಂದ ಮೇಲೆ ನನಗೆ ಇವೆಲ್ಲ ನೆನಪಾಗುವುದಿಲ್ಲ.

ಅವನಿಗೊಂದು ಹುಚ್ಚಿದೆ. ಒಂದು ಲೋಕ ಕಟ್ಟುತ್ತಿದ್ದಾನೆ. ಮೇಜಿನ ಸುತ್ತ ಕೂತು ಬಾಯಿಮಾತಿನಲ್ಲೇ ಆಡುವ ಆಟಗಳಿರುತ್ತವಲ್ಲ, ಒಬ್ಬರು ಲೋಕವನ್ನು ವರ್ಣಿಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ 'ನಾನು ಬಾಗಿಲು ಒದೀತೀನಿ', 'ನಾನು ಓಡ್ತೀನಿ' ಅನ್ನುತ್ತಾರೆ, ದಾಳ ಬಿದ್ದ ಹಾಗೆ ಕತೆ ಸಾಗುತ್ತದೆ, ಅಂಥದ್ದು. ಆ ಆಟಕ್ಕೆ ಬೇಕಾದ ಲೋಕ ಇದು. ಶುರು ಮಾಡಿ ಹನ್ನೊಂದು ವರ್ಷ ಆಯಿತು. ಮೊನ್ನೆಮೊನ್ನೆಯವರೆಗೆ ನಾವು ಆಡಿದ್ದು ಎಷ್ಟು ಸಲ ಅಂತ ಕೇಳಿ. ಸೊನ್ನೆ.

ಇದು ಹುಟ್ಟಿದ ಕತೆಯನ್ನೂ ಹೇಳುತ್ತೇನೆ. ನನ್ನ ಜೆರಾಕ್ಸ್ ಅಂಗಡಿಯ ಎದುರುಗಡೆ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಒಬ್ಬರಿದ್ದಾರೆ. ನಾವೆಲ್ಲ ಅವರನ್ನು ಕನ್ನಡಕದವರು ಅಂತಲೇ ಕರೆಯುವುದು. ಒಂದು ದಿನ ಅವರು ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಬೇಕಾದ ಬಿಡಿಭಾಗ ಬರುವುದಕ್ಕೆ ಮೂರು ಗಂಟೆ. ಒಳಗೆ ಅವರು ಗಾಬರಿಯಲ್ಲಿ ಬಾಗಿಲು ಗುದ್ದುತ್ತಿದ್ದಾರೆ, ಹೊರಗೆ ಅಣ್ಣ. ಅವರನ್ನು ಸಮಾಧಾನ ಮಾಡುವುದಕ್ಕೆ ಬಾಗಿಲಿನ ಸಂದಿಗೆ ಬಾಯಿಟ್ಟು ಅಣ್ಣ ಹೇಳಿದನಂತೆ, 'ಸಾರ್, ಲೋಕದ ಯಂತ್ರಗಳೆಲ್ಲ ಒಂದೇ ದಿನ ಸತ್ತುಹೋಗಿವೆ ಅಂತ ಇಟ್ಕೊಳ್ಳಿ. ಉಳಿದಿರೋದು ನೀವೊಬ್ಬರೇ. ಈಗೇನ್ಮಾಡ್ತೀರಿ?' ಕನ್ನಡಕದವರು ಒಳಗಿನಿಂದ ಕೂಗಿ ಕೂಗಿ ಮೂರು ಗಂಟೆ ಆಡಿದರು. ಬಾಗಿಲು ತೆರೆದಾಗ ಥ್ಯಾಂಕ್ಸ್ ಕೂಡ ಹೇಳಲಿಲ್ಲ, 'ಮುಂದೇನಾಯ್ತಪ್ಪಾ?' ಅಂದರು. ಅಣ್ಣ, 'ಯೋಚನೆ ಮಾಡಿ ಹೇಳ್ತೀನಿ' ಅಂದ. ಪುಣ್ಯಾತ್ಮ, ಇನ್ನೂ ಯೋಚನೆ ಮಾಡುತ್ತಲೇ ಇದ್ದಾನೆ.

ಲೋಕ ಚೆನ್ನಾಗಿಲ್ಲ ಅಂತ ನಾನು ಹೇಳುವುದಿಲ್ಲ. ಒಂದಾನೊಂದು ಕಾಲದಲ್ಲಿ ಅಲ್ಲಿಯ ಯಂತ್ರಗಳು ಮಂತ್ರದಿಂದ ನಡೆಯುತ್ತಿದ್ದವು. 'ಏಳು' ಅಂದರೆ ಪಂಪು ಏಳುತ್ತಿತ್ತು, 'ಹತ್ತು' ಅಂದರೆ ದೀಪ ಹತ್ತುತ್ತಿತ್ತು. ಆದರೆ ಒಂದೊಂದು ಅಪ್ಪಣೆಗೂ ಹೇಳಿದವರ ದನಿ ಒಂದಿಷ್ಟು ಸವೆಯುತ್ತಿತ್ತು. ಉಳ್ಳವರು ತಮ್ಮ ದನಿ ಜೋಪಾನ ಮಾಡಿ ಬಡವರ ಬಾಯಲ್ಲಿ ಹೇಳಿಸಿದರು. ಆಮೇಲೆ ಇನ್ನೂ ಬೇಕು ಇನ್ನೂ ಬೇಕು ಅಂತ ಎಲ್ಲ ಊರುಗಳ ಮಂತ್ರತಂತಿಗಳನ್ನೂ ಒಂದೇ ಗಂಟಿಗೆ ಕಟ್ಟಿದರು. ಕಟ್ಟಿದ ದಿನ ಯಾರೋ ಒಬ್ಬರು ಒಂದು ಅಪ್ಪಣೆ ಕೊಟ್ಟರು, ಅದು ಲೋಕದ ಅಷ್ಟೂ ಜನರ ದನಿಯನ್ನು ಒಟ್ಟಿಗೆ ಎಳೆದುಕೊಂಡಿತು. ಯಂತ್ರಗಳು ನಿಂತವು, ಅವುಗಳ ಬಲದಲ್ಲಿ ಆಕಾಶಕ್ಕೆ ತೂಗುಹಾಕಿದ್ದ ಊರುಗಳು ಕೆಳಗೆ ಬಿದ್ದವು. ಅದಾಗಿ ನೂರು ವರ್ಷದ ಮೇಲೆ ನಮ್ಮ ಆಟ ಶುರು. ದನಿ ಇರುವವರು ಎಲ್ಲೋ ಒಬ್ಬಿಬ್ಬರು. ಆಡುವವರು ಅಂಥವರೇ. ಒಬ್ಬೊಬ್ಬರಿಗೂ ಇಪ್ಪತ್ತು ಅಂಗಿಗುಂಡಿ. ಒಂದು ಮಂತ್ರ ಹೇಳಿದರೆ ಒಂದು ಗುಂಡಿಯನ್ನು ಆಟ ನಡೆಸುವವರ ಕೈಗೆ ಕೊಡಬೇಕು. ಗುಂಡಿ ಮುಗಿದರೆ ಆಮೇಲೆ ಮೇಜಿನ ಮುಂದೆ ತುಟಿ ಬಿಚ್ಚುವ ಹಾಗಿಲ್ಲ.

ಚೆನ್ನಾಗಿದೆ ತಾನೇ? ಹಾಗಾದರೆ ಆಡಿಸಬೇಕಪ್ಪಾ! ಇವನು ಲಿಫ್ಟಿನವನು, ತೂಗುವ ಊರು ಎಷ್ಟು ಟನ್ ಭಾರ ತಡೆಯುತ್ತದೆ ಅನ್ನುವ ಲೆಕ್ಕಕ್ಕೆ ಒಂದು ಫೈಲು. ನೀರಿನ ಪೈಪುಗಳಿಗೇ ನಲವತ್ತು ಪುಟ. ಬರೆದಿದ್ದನ್ನೆಲ್ಲ ನನ್ನ ಅಂಗಡಿಗೆ ತಂದು ನಾಲ್ಕು ನಾಲ್ಕು ಪ್ರತಿ ತೆಗೆಸುವುದು, ಎರಡು ವಾರಕ್ಕೆ ಬಂದು 'ಅದು ಹಳೇದು, ಬಿಸಾಕು' ಅನ್ನುವುದು. ಒಂದು ಭಾನುವಾರ ದಾಳ ಹಿಡಿದು ಕೂತೇಬಿಟ್ಟಿದ್ದೆವು. ಯಾವುದೋ ತೂಗುವ ಊರಿಗೆ ಸಮವಾಗಿ ಇನ್ನೊಂದು ಕಡೆ ಕಟ್ಟುವ ಎದುರುತೂಕ ಸರಿ ಬರುತ್ತಿಲ್ಲ ಅಂತ ಅಣ್ಣ ಎದ್ದುಹೋದ. ಅತ್ತಿಗೆ ಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ, ತಾಳ್ಮೆಗೆ ಇನ್ನೊಂದು ಹೆಸರು. ಅವರೇ ಅವತ್ತು ಅಂದರು, 'ನನ್ನ ಪಾತ್ರಕ್ಕೆ ಹೆಸರಿಟ್ಟು ಎಂಟು ವರ್ಷ ಆಯ್ತು. ಅದಿನ್ನೂ ಹುಟ್ಟೇ ಇಲ್ಲ.'

ಕನ್ನಡಕದವರು ಮಾತ್ರ ಬಿಡಲಿಲ್ಲ. ತಿಂಗಳಿಗೊಮ್ಮೆ ಅಂಗಡಿಗೆ ಬಂದು, 'ಏನಮ್ಮಾ, ನಿಮ್ಮಣ್ಣನ ಲೋಕ ಎಲ್ಲಿಗೆ ಬಂತು?' ಅನ್ನುವುದು ತಪ್ಪಿದ್ದಲ್ಲ. ಅವರದು ಕಂಚಿನ ಗಂಟಲು. ರಸ್ತೆಯ ಆಚೆಯಿಂದ ಕೂಗಿದರೆ ನನ್ನ ಗಿರಾಕಿಗಳು ತಿರುಗಿ ನೋಡುತ್ತಿದ್ದರು. ಈ ವರ್ಷ ಆ ದನಿ ಒಡೆಯಿತು. ಶೀತ ಅಂದರು, ಧೂಳು ಅಂದರು. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ ಒಂದು ಕಟ್ಟು ಕಾಗದ ತಂದು, 'ಎರಡೆರಡು ಪ್ರತಿ ತೆಗಿಯಮ್ಮಾ, ಆಸ್ಪತ್ರೆಗೆ' ಅಂದರು.

ನನ್ನದು ಕೆಟ್ಟ ಅಭ್ಯಾಸ, ಮೆಷಿನ್ ಓಡುವಾಗ ಓದುತ್ತೇನೆ. ಮೂರನೇ ಹಾಳೆಗೆ ಮೆಷಿನ್ ನಿಲ್ಲಿಸಿಬಿಟ್ಟೆ.

'ಓದಿದ್ಯಲ್ಲ, ಇನ್ನು ನಾನು ಹೇಳೋದು ತಪ್ಪಿತು. ಮುಂದಿನ ವಾರ ಬಿಟ್ಟು ಅದರಾಚೆ ಗುರುವಾರ ಆಪರೇಷನ್ ಅಂತಿದ್ರು, ಈಗ ಮುಂದಿನ ವಾರದ ಗುರುವಾರವೇ ಅಂತೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀತಾರೆ. ಜೀವಕ್ಕೇನೂ ಭಯ ಇಲ್ವಂತೆ. ಮಾತು ಮಾತ್ರ ಹೋಗುತ್ತೆ' ಅಂದರು.

'ಸಾರ್...'

'ಅಳ್ಬೇಡ, ಹಾಳೆ ಒದ್ದೆ ಆಗುತ್ತೆ. ನಿಮ್ಮಣ್ಣನಿಗೆ ಹೇಳು, ಈ ಭಾನುವಾರ ನಾನು ಆಡ್ಬೇಕು. ಅವನ ಲೋಕ ಸಿದ್ಧ ಇರ್ಲಿ, ಬಿಡ್ಲಿ. ಹನ್ನೊಂದು ವರ್ಷ ಕಾದಿದ್ದೀನಿ, ಒಂದ್ಸಲ ಬಾಯ್ತುಂಬ ಆಡ್ಬೇಕು.'

ಅಂಗಡಿ ಮುಚ್ಚಿ ಸೀದಾ ಅಣ್ಣನ ಮನೆಗೆ ಹೋಗಿ ಹೇಳಿದೆ. ಅಣ್ಣ ಎದ್ದು ಹತ್ತೊಂಬತ್ತು ಫೈಲುಗಳನ್ನೂ ಇಳಿಸಿಕೊಂಡ. ಸದ್ಯ, ಇವನಿಗೂ ಬಿಸಿ ಮುಟ್ಟಿತು ಅಂದುಕೊಂಡು ನಾನು ಮನೆಗೆ ಬಂದೆ. ನನ್ನ ಬುದ್ಧಿಗಿಷ್ಟು!

ಶನಿವಾರ ಹೋಗಿ ನೋಡಿದರೆ ರೂಮಿನ ತುಂಬ ಕಾಗದ ಹರಡಿಕೊಂಡಿದೆ. ಕೆಂಪು ಪೆನ್ನು ಹಿಡಿದು ಪ್ರತಿ ಪುಟದಲ್ಲೂ 'ದನಿ' ಅನ್ನುವುದನ್ನು ಹೊಡೆದುಹಾಕಿ ಮೇಲೆ 'ನೆರಳು' ಅಂತ ಬರೆಯುತ್ತಿದ್ದಾನೆ. ಇನ್ನು ಮೇಲೆ ಮಂತ್ರ ಹೇಳಿದರೆ ದನಿ ಹೋಗುವುದಿಲ್ಲವಂತೆ, ನೆರಳು ಹೋಗುತ್ತದಂತೆ. ಅದು ಬದಲಾದ ಮೇಲೆ ಚರಿತ್ರೆ ಬದಲಾಗಬೇಕು, ಚರಿತ್ರೆ ಬದಲಾದ ಮೇಲೆ ನಕ್ಷೆ ಬದಲಾಗಬೇಕು, ಇವನು ಐದು ದಿನದಲ್ಲಿ ಆರನೇ ಫೈಲಿಗೆ ಬಂದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

'ನಿನಗೇನು ತಲೆ ಸರಿ ಇದ್ಯಾ? ನಾಳೆ ಅವರು ಬರ್ತಾರೆ!'

'ಮಾತು ಹೋಗ್ತಿರೋ ಮನುಷ್ಯನ ಮುಂದೆ ದನಿ ಕಳ್ಕೊಳ್ಳೋ ಆಟ ಹೇಗೆ ಇಡ್ಲಿ? ನೀನೇ ಹೇಳು, ಹೇಗೆ ಇಡ್ಲಿ?'

ನಾನು ಇನ್ನೂ ಜೋರಾಗಿ ಕಿರುಚಿದೆ. ಅತ್ತಿಗೆ ಬಂದು ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

ಭಾನುವಾರ ಹತ್ತು ಗಂಟೆಗೆ ಕನ್ನಡಕದವರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕತ್ತಿಗೆ ಒಂದು ಮಫ್ಲರ್. ಅಣ್ಣ ಅವರ ಮುಖ ನೋಡಲಿಲ್ಲ. ಫೈಲು ತೆರೆದು ಲೋಕದ ಚರಿತ್ರೆ ಓದುವುದಕ್ಕೆ ಶುರು ಮಾಡಿದ. ನೆರಳಿನ ಯಂತ್ರಗಳು, ನೆರಳಿನ ತಂತಿಗಳು. ಹನ್ನೊಂದಾಯಿತು. ಹನ್ನೊಂದೂವರೆ ಆಯಿತು. ಕನ್ನಡಕದವರು ಎರಡು ಸಲ ಬಾಯಿ ತೆರೆದರು, ಇವನು ಪುಟ ತಿರುಗಿಸಿದ. ಅಲ್ಲಾ, ಆ ಮನುಷ್ಯನಿಗೆ ಉಳಿದಿರುವುದು ನಾಲ್ಕು ದಿನದ ಮಾತು, ಇವನೊಬ್ಬನೇ ಮಾತಾಡುತ್ತಾ ಕೂತಿದ್ದಾನೆ! ನಾನು ಮೇಜಿನ ಕೆಳಗೆ ಅವನ ಕಾಲಿಗೆ ಒದ್ದೆ. ತಪ್ಪಿ ಅತ್ತಿಗೆಗೆ ಬಿತ್ತು.

ಕೊನೆಗೆ ಕನ್ನಡಕದವರು ಕೈ ಚಾಚಿ ಫೈಲನ್ನೇ ಕಿತ್ತುಕೊಂಡರು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಜೀವಮಾನವೆಲ್ಲ ಗಾಜು ನೋಡಿದ ಕಣ್ಣು ಅದು, ಹೊಡೆದುಹಾಕಿದ್ದರ ಕೆಳಗಿನ ಅಕ್ಷರ ತಪ್ಪಿಸಿಕೊಳ್ಳುತ್ತದೆಯೇ?

'ಇಲ್ಲಿ ದನಿ ಅಂತಿತ್ತಲ್ಲಪ್ಪಾ. ಯಾಕೆ ತೆಗೆದೆ?'

ಅಣ್ಣ ತಲೆ ತಗ್ಗಿಸಿದ.

'ನನಗೆ ರೋಗ ಬಂದಿರೋದು ಗಂಟಲಿಗೆ, ಬುದ್ಧಿಗಲ್ಲ!' ಒಡೆದ ದನಿಯಲ್ಲೇ ಗುಡುಗಿದರು. 'ಮನೆಯಲ್ಲಿ ಯಾರೂ ಆ ಮಾತು ಎತ್ತೋದಿಲ್ಲ. ಹೆಂಡತಿ ಎತ್ತೋದಿಲ್ಲ, ಮಗಳು ಎತ್ತೋದಿಲ್ಲ, ಡಾಕ್ಟರು ಕೂಡ ನೆಲ ನೋಡ್ಕೊಂಡು ಮಾತಾಡ್ತಾನೆ. ಇಲ್ಲಾದ್ರೂ ಒಂದ್ಸಲ ಅದನ್ನ ಎದುರಿಗಿಟ್ಟುಕೊಂಡು ಆಡೋಣ ಅಂತ ಬಂದ್ರೆ, ನೀನು ನೆರಳು ತಂದಿಟ್ಟಿದ್ದೀಯಾ! ಹಾಳಾಗಿ ಹೋಗ್ಲಿ ನಿನ್ನ ಲೋಕ!'

'ಆಗ್ಲೇ ಹಾಳಾಗಿದೆ ಸಾರ್' ಅಂದುಬಿಟ್ಟರು ಅತ್ತಿಗೆ, ಬಾಯಿತಪ್ಪಿ.

ಕನ್ನಡಕದವರು ನಕ್ಕರು, ನಗು ಕೆಮ್ಮಾಯಿತು, ನೀರು ಕುಡಿದು ಸುಧಾರಿಸಿಕೊಂಡು, 'ಗುಂಡಿ ತನ್ನಿ' ಅಂದರು.

ಅತ್ತಿಗೆ ಗುಂಡಿ ಡಬ್ಬಿ ತಂದು ಇಪ್ಪತ್ತು ಎಣಿಸಿ ಅವರ ಮುಂದಿಟ್ಟರು. ಅಣ್ಣ ಹಳೆಯ ನಿಯಮದಂತೆಯೇ ಶುರು ಮಾಡಿದ. ಒಣಗಿದ ಕಾಲುವೆ, ಅದರ ದಡದಲ್ಲಿ ಬೀಗ ಹಾಕಿದ ಪಂಪ್‌ಮನೆ, ಖಾಲಿ ಬಕೆಟ್ ಹಿಡಿದು ನಿಂತ ನಲವತ್ತು ಜನ, ಒಬ್ಬರಿಗೂ ದನಿ ಇಲ್ಲ. ಕನ್ನಡಕದವರ ಪಾತ್ರ ಊರೂರು ಅಲೆಯುವ ಒಬ್ಬ ಹರಟೆಮಲ್ಲ. 'ಬಾಗಿಲೇ, ತೆರಿ' ಅಂದರು. ಮೊದಲ ಗುಂಡಿಯನ್ನು ಎತ್ತಿ ಅಣ್ಣನ ಕಡೆ ಚಾಚಿದರು.

ಅಣ್ಣ ಕೈ ನೀಡಲಿಲ್ಲ.

'ತಗೊಳ್ಳೋ.'

'ಆಗಲ್ಲ ಸಾರ್.' ಮುಖ ಮುಚ್ಚಿಕೊಂಡು ಅತ್ತುಬಿಟ್ಟ, ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ. ನನಗೂ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು. ಹನ್ನೆರಡು ಗಂಟೆ ಆಗಿದೆ, ಅಳುವುದಕ್ಕೂ ಒಂದು ಹೊತ್ತು ಬೇಡವೇ? ನಾನು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತು ಅಂಗೈ ಒಡ್ಡಿದೆ.

'ಕೊಡಿ ಸಾರ್. ಬಾಗಿಲು ತೆರೀತು. ಒಳಗೆ ಕತ್ತಲೆ. ಮೂಲೆಯಲ್ಲಿ ಏನೋ ಉಸಿರಾಡ್ತಾ ಇದೆ.'

ಇಷ್ಟು ವರ್ಷ ಒಂದೊಂದು ಪುಟವನ್ನೂ ನಾಲ್ಕು ನಾಲ್ಕು ಸಲ ತೆಗೆದವಳು ನಾನು. ಆ ಲೋಕ ಅಣ್ಣನಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಕನ್ನಡಕದವರು ಆಡಿದರು ನೋಡಿ, ಆಹಾ! ಮೂಲೆಯ ಕಬ್ಬಿಣದ ಪ್ರಾಣಿಯನ್ನು ಲಾಲಿ ಹಾಡಿ ಮಲಗಿಸಿದರು. ಮುನಿಸಿಕೊಂಡ ಪಂಪಿನ ಜೊತೆ ಚೌಕಾಸಿ ಮಾಡಿದರು, ಬೈದರು, ಮುದ್ದು ಮಾಡಿದರು, ಅದರ ಅಜ್ಜಿಯನ್ನು ತಾನು ಬಲ್ಲೆ ಅಂತ ಸುಳ್ಳು ಹೇಳಿದರು. ಅತ್ತಿಗೆಯ ಪಾತ್ರ ಎಂಟು ವರ್ಷದ ಮೇಲೆ ಹುಟ್ಟಿ ಹತ್ತು ನಿಮಿಷದಲ್ಲಿ ಚರಂಡಿಗೆ ಬಿತ್ತು, ಕನ್ನಡಕದವರೇ ಅದನ್ನು ಮೇಲಕ್ಕೆ ಎಳೆದು ಹಾಕಿದರು. ಗುಂಡಿಗಳನ್ನು ಒಂದಿಷ್ಟೂ ಹಿಡಿತವಿಲ್ಲದೆ ಖರ್ಚು ಮಾಡಿದರು. ಕಾಲುವೆಗೆ ನೀರು ಬಂದಾಗ ನನ್ನ ಅಂಗೈಯಲ್ಲಿ ಇಪ್ಪತ್ತೂ ಇದ್ದವು.

ಅವರು ನಿಯಮದ ಪ್ರಕಾರ ಬಾಯಿ ಮುಚ್ಚಿದರು. ಆಮೇಲೆ ನಿಯಮ ಮುರಿದು ಮೆಲ್ಲಗೆ ಕೇಳಿದರು, 'ಈಗ ನನ್ನ ಮನುಷ್ಯ ಏನೇನು ಮಾಡ್ಬಹುದು? ಫೈಲಲ್ಲಿ ನೋಡಮ್ಮಾ.'

ನೋಡುವುದೇ ಬೇಡವಾಗಿತ್ತು, ನನಗೆ ಗೊತ್ತಿತ್ತು. ಆದರೂ ಹುಡುಕುವ ಹಾಗೆ ಮಾಡಿದೆ. ಪೈಪಿಗೆ ನಲವತ್ತು ಪುಟ, ಭಾರಕ್ಕೆ ಒಂದು ಫೈಲು. ದನಿ ಇಲ್ಲದವರೇ ತುಂಬಿರುವ ಆ ಲೋಕದಲ್ಲಿ ಅವರ ಬಗ್ಗೆ ಇದ್ದದ್ದು ಏಳನೇ ಫೈಲಿನ ಒಂದೇ ಸಾಲು. ಓದಿದೆ: 'ದನಿ ಹೋದವರು ದಾರಿಯ ಬದಿಯಲ್ಲಿ ನಿಂತಿರುತ್ತಾರೆ.'

'ಅಷ್ಟೇನಾ?'

'ಅಷ್ಟೇ ಸಾರ್.'

ಕನ್ನಡಕದವರು ಅಣ್ಣನ ಕಡೆ ತಿರುಗಿದರು. 'ಅವರು ಜಗಳ ಹೇಗಾಡ್ತಾರೆ? ಮಕ್ಕಳನ್ನ ಹೇಗೆ ಕರೀತಾರೆ? ಹಿಂದಿನಿಂದ ಗಾಡಿ ಬಂದ್ರೆ ಗೆಳೆಯನಿಗೆ ಹೇಗೆ ಎಚ್ಚರಿಸ್ತಾರೆ? ಹನ್ನೊಂದು ವರ್ಷದಲ್ಲಿ ಒಂದ್ಸಲನೂ ಯೋಚನೆ ಬರ್ಲಿಲ್ವಾ ನಿನಗೆ?'

'ಇಲ್ಲ ಸಾರ್' ಅಂದ ಅಣ್ಣ. ಆಗ ಅವನ ಮುಖ ನೋಡುವ ಹಾಗಿರಲಿಲ್ಲ.

'ಗುರುವಾರದೊಳಗೆ ಬರಿ' ಅಂದರು. 'ನನಗೆ ಬೇಕಾಗುತ್ತೆ.'

ಅಣ್ಣ ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೆಲಸಕ್ಕೆ ರಜಾ ಹಾಕಿದ. ಸೋಮವಾರ ಹೋದೆ, ಬರೆಯುತ್ತಿದ್ದ. ಮಂಗಳವಾರ ಹೋದೆ, ಬರೆದದ್ದನ್ನು ಹರಿಯುತ್ತಿದ್ದ. ಬುಧವಾರ ಅತ್ತಿಗೆ ಬಾಗಿಲಲ್ಲೇ ತಲೆಯಾಡಿಸಿ ನನ್ನನ್ನು ವಾಪಸ್ ಕಳಿಸಿದರು. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡು ಬಂದೆ. ಒಂದೇ ಒಂದು ಪುಟ, ಅದನ್ನೂ ಮುಗಿಸಲಾರನಾ ಈ ಮನುಷ್ಯ?

ಗುರುವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿ ಕನ್ನಡಕದವರನ್ನು ಹಸಿರು ನಿಲುವಂಗಿ ತೊಡಿಸಿ ಮಲಗಿಸಿದ್ದರು. ಹೆಂಡತಿ ಒಂದು ಕಡೆ, ಮಗಳು ಒಂದು ಕಡೆ. ಕನ್ನಡಕ ತೆಗೆಸಿದ್ದರಿಂದ ಅವರಿಗೆ ನಾವು ಯಾರೆಂದು ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಣ್ಣ ಮಡಚಿದ ಒಂದು ಹಾಳೆ ತೆಗೆದು ಕೊಟ್ಟ. ನಾನು ಇಣುಕಿದೆ. ಮೇಲುಗಡೆ 'ದನಿ ಹೋದವರು' ಅಂತ ತಲೆಬರಹ. ಕೆಳಗೆ ಏನೂ ಇಲ್ಲ. ಆ ಕ್ಷಣ ಅವನ ಕುತ್ತಿಗೆ ಹಿಸುಕಿಬಿಡೋಣ ಅನ್ನಿಸಿತು ನನಗೆ.

'ತುಂಬ ಬರೆದೆ ಸಾರ್' ಅಂದ ಅಣ್ಣ. 'ಓದಿ ನೋಡಿದ್ರೆ ಎಲ್ಲಾ ಸುಳ್ಳು ಅನ್ನಿಸ್ತು. ನನಗೆ ಗೊತ್ತಿಲ್ಲ.'

ಕನ್ನಡಕದವರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದರು. ಅಷ್ಟರಲ್ಲಿ ಗಾಲಿ ಮಂಚ ತಳ್ಳುವವರು ಬಂದು ನಮ್ಮನ್ನು ಪಕ್ಕಕ್ಕೆ ಸರಿಯಿರಿ ಅಂದರು. ಅವರು ಹಾಳೆಯನ್ನು ಮಗಳ ಕೈಗೆ ಕೊಟ್ಟು, ಅಣ್ಣನ ಜೇಬಿನ ಕಡೆ ಬೆರಳು ಮಾಡಿದರು. ಆ ದನಿಯಲ್ಲಿ ನಾವು ಕೇಳಿದ ಕೊನೆಯ ಮಾತು ಇದೇ.

'ಪೆನ್ನು ಇಟ್ಟು ಹೋಗು' ಅಂದರು.