ಯಾರೂ ಓದದ ತಿದ್ದುಪಡಿ

“ಅಮ್ಮಾ, ಮೇಲಿನ ಮನೆ ಅಜ್ಜಿ ಒಬ್ಬರೇ ಇದ್ದಾಗ ಯಾರಿಗೆ ಬೈತಾರೆ?” ಎಂದು ನನ್ನಿಂದ ತಲೆ ಬಾಚಿಸಿಕೊಳ್ಳುತ್ತಾ ಮಗಳು ಕೇಳಿದಳು.

ಅವರು ಬೈಯುವುದು ತಮ್ಮ ಹಳೆಯ ಲೇಖನವೊಂದನ್ನು ಹೊಗಳುವವರಿಗೆ. ಷೇರುಪೇಟೆಯ ಬಗ್ಗೆ ಸಂಶೋಧನೆ ಮಾಡುತ್ತಾ ಕಾಲೇಜಿನಲ್ಲಿ ಪಾಠ ಹೇಳಿದವರು. ಬಿದ್ದ ಷೇರು, ಕಾದರೆ ಮತ್ತೆ ಏಳುತ್ತದೆ ಎಂದು ಹರೆಯದಲ್ಲಿ ಆ ಲೇಖನದಲ್ಲಿ ಬರೆದಿದ್ದರು. ಆದರೆ ಉಳಿದುಕೊಂಡ ಕಂಪನಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು; ಬಾಗಿಲು ಮುಚ್ಚಿದವು ಬಿಟ್ಟುಹೋಗಿದ್ದವು. ತಪ್ಪು ತಿಳಿದ ಕೂಡಲೇ ತಿದ್ದುಪಡಿ ಅಚ್ಚು ಹಾಕಿಸಿದರು. ಅದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಹಳೆಯ ಲೇಖನ ಮಾತ್ರ ಪಠ್ಯಪುಸ್ತಕ ಸೇರಿತು. ನೂರಾರು ಸಂಶೋಧಕರು ಅದನ್ನೇ ಆಧಾರವೆಂದು ತೋರಿಸಿದರು.

ನಾಳೆ ಅದೇ ಲೇಖನಕ್ಕಾಗಿ ಅವರಿಗೆ ಸನ್ಮಾನ. ಇಸ್ತ್ರಿಪೆಟ್ಟಿಗೆ ಕೇಳಲು ಕೆಳಗೆ ಬಂದವರು ಬಾಗಿಲಲ್ಲೇ ಶುರುಮಾಡಿದರು.

“ನಂಗೆ ಫಲಕ ಕೊಡ್ತಾರಂತೆ. ನನ್ನ ಮಾತು ನಂಬಿ, ಮುಚ್ಚೋ ಕಂಪನಿ ಷೇರು ಹಿಡ್ಕೊಂಡು ಕಾದವರಿಗೆ ಏನು ಕೊಡ್ತಾರೆ, ಮಣ್ಣಾ?”

“ವೇದಿಕೆ ಮೇಲೇ ಹೇಳಿಬಿಡಿ ಆಂಟಿ,” ಎಂದೆ.

“ಹೋದ ಸಲಾನೂ ಹಾಗೇ ಅಂದ್ಕೊಂಡು ಹೋದೆ. ಹೊಗಳಿಕೆ ಕೇಳಿ ಬಾಯಿ ಕಟ್ಟೋಯ್ತು. ಹಲ್ಲು ಕಿರಿದು ಇಳಿದು ಬಂದೆ, ನಾಚಿಕೆಗೆಟ್ಟವಳು.”

ನಾನು ಕೊಟ್ಟ ಇಸ್ತ್ರಿಪೆಟ್ಟಿಗೆಯ ವೈರನ್ನು ಬಿಗಿಯಾಗಿ ಸುತ್ತಿ, ದನಿ ತಗ್ಗಿಸಿದರು.

“ನಾಳೆ ನೀನು ವೇದಿಕೆ ಮೆಟ್ಟಿಲ ಪಕ್ಕದಲ್ಲೇ ಕೂತಿರು ಕಣಮ್ಮ. ಹೇಳದೇ ಇಳಿದು ಬಂದ್ರೆ, ಕೈ ಹಿಡಿದು ವಾಪಸ್ ಹತ್ತಿಸು.”