ಬಸವ್ವ ಕೊಟ್ಟ ಬಿಸಿ ರೊಟ್ಟಿ

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೇ ಮೈ ಉರಿಯುತ್ತದೆ. ಆದರೂ ಇದು ನಡೆದದ್ದು... ಎಪ್ಪತ್ತರ ದಶಕದಲ್ಲಿ, ಉಗರಗೋಳದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ನರ್ಸ್ ಆಗಿದ್ದಾಗ.

ಒಂದು ರಾತ್ರಿ ಅದೇ ಊರಿನ ಈರಪ್ಪ ಓಡಿ ಬಂದ. “ನರ್ಸಬಾಯಾರ, ಲಗೂ ಬರ್ರಿ. ನಮ್ಮವ್ವಗ ಗಾಳಿ ಬಡದೈತಿ!”

ಮನೆಯೊಳಗೆ ಕಾಲಿಟ್ಟರೆ ಮೆಣಸಿನಕಾಯಿ ಘಾಟು. ದೆವ್ವ ಬಿಡಿಸುವ ಮಹಾನುಭಾವನೊಬ್ಬ ಹೊಗೆ ಹಾಕಿ ಕುಳಿತಿದ್ದ. ಗಾಳಿ ಬಡಿದವರಿಗೆ ನೀರು ಕೊಡಬಾರದೆಂದು ಅಪ್ಪಣೆ ಬೇರೆ. ಅಂಥ ಬುದ್ಧಿಗೆ ಬೆಂಕಿ ಬೀಳಲಿ!

ಈರಪ್ಪನ ತಾಯಿ ಬಸವ್ವನ ಮುಖ ಕೆಂಪೇರಿತ್ತು. ಮೈ ಕೆಂಡ, ಬೆವರಿನ ಹನಿಯಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಕಣ್ಣಿನ ಪಾಪೆ ಅಗಲ. ಮೂತ್ರ ಕಟ್ಟಿ ಕಿಬ್ಬೊಟ್ಟೆ ಉಬ್ಬಿತ್ತು. ಇದು ದೆವ್ವದ ಕೆಲಸವಲ್ಲ, ಔಷಧದ ಕೆಲಸ. ಅವಳ ಕೈನಡುಕಕ್ಕೆ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದಿದ್ದರು.

“ಎಷ್ಟ ಗುಳಿಗಿ ಕೊಟ್ಟಿ?”

“ಡಾಕ್ಟರ ಬರದಷ್ಟ ರೀ...”

“ಖರೇ ಹೇಳು. ಇಲ್ಲಂದ್ರ ನಿಮ್ಮವ್ವ ಉಳಿಯೂದಿಲ್ಲ.”

ಅವನು ನೆಲ ನೋಡಿದ. “ಇವತ್ತ ಮಗಳನ್ನ ನೋಡಾಕ ಗಂಡಿನ ಕಡಿಯವ್ರು ಬಂದಿದ್ರು. ಅವ್ವನ ಕೈ ನಡಗೂದು ಕಂಡ್ರ ಮನಿತನಕ್ಕ ರೋಗ ಐತಿ ಅಂತಾರ. ಅದಕ್ಕ... ಆರು ಕೊಟ್ನಿ.”

ಆರು! ಮುದಿ ಜೀವಕ್ಕೆ ಆ ಗುಳಿಗೆ ಒಂದು ಹೆಚ್ಚಾದರೂ ಬುದ್ಧಿ ಕಲಸುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ. ಮಾನ ಉಳಿಸಲು ಹೆತ್ತವಳನ್ನೇ ಒತ್ತೆಯಿಟ್ಟ ಗಂಡಸು... ಥೂ.

ಮಂತ್ರದವನನ್ನು ಹೊರಗಟ್ಟಿದೆ. ಡಾಕ್ಟರನ್ನು ಕರೆತರಲು ಈರಪ್ಪನನ್ನು ಓಡಿಸಿದೆ. ಮನೆಯ ಹೆಂಗಸರು ಹೆದರಿ ಪಕ್ಕದ ಮನೆ ಸೇರಿದ್ದರು. ಬಸವ್ವನ ತುಟಿಗೆ ನೀರು ಹನಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ನಳಿಕೆ ಹಾಕಿ ಮೂತ್ರ ತೆಗೆದೆ.

ಆಗ ಅವಳು ಎದ್ದು ಕುಳಿತಳು. ಬರಿಗಾಳಿಯಲ್ಲಿ ರೊಟ್ಟಿ ಬಡಿಯತೊಡಗಿದಳು. ಕೈ ಚೂರೂ ನಡುಗುತ್ತಿರಲಿಲ್ಲ. ಭ್ರಮೆ ಬಂದವರು ಜೀವಮಾನದ ಕೆಲಸವನ್ನೇ ಮಾಡುತ್ತಾರೆ, ಇದೂ ನನಗೆ ಗೊತ್ತಿತ್ತು.

ತಪ್... ತಪ್... ತಪ್...

ರೊಟ್ಟಿ ಬಡಿಯುವ ಮರದ ಕೊಣಮಿಗೆಯಿಲ್ಲ, ಹಿಟ್ಟಿಲ್ಲ. ಅಂಗೈ ಯಾವುದಕ್ಕೂ ತಾಗುತ್ತಿಲ್ಲ. ಸದ್ದು ಮಾತ್ರ ಬರುತ್ತಿದೆ! ಒಲೆಯ ಬೂದಿ ಮುಟ್ಟಿ ನೋಡಿದೆ, ತಣ್ಣಗಿತ್ತು. ಆದರೆ ಮೆಣಸಿನಕಾಯಿ ಘಾಟು ಹೋಗಿ ಹಂಚಿನ ಮೇಲೆ ಬೇಯುವ ಜೋಳದ ರೊಟ್ಟಿಯ ವಾಸನೆ ಮನೆಯೆಲ್ಲ ತುಂಬಿತ್ತು. ನನಗೆ ಭಯವಾಯಿತು.

“ಹಸದೀ ಏನವ್ವ? ತಗೋ, ಬಿಸಿ ಐತಿ.” ಬಸವ್ವ ಬರಿಗೈ ಚಾಚಿದಳು.

“ಬ್ಯಾಡಬೇ ಯವ್ವಾ, ಮಲಕ್ಕೋ...”

“ತಗೋ ಅಂದ್ನೆಲ್ಲ!”

ಇಂಥ ಸ್ಥಿತಿಯಲ್ಲಿರುವವರ ಮಾತಿಗೆ ಎದುರಾಡಬಾರದು, ಸಮಾಧಾನಪಡಿಸಬೇಕು. ಅಷ್ಟಕ್ಕೇ ಕೈ ಒಡ್ಡಿದೆ.

ಅಂಗೈ ಸುಟ್ಟಿತು.

ಡಾಕ್ಟರು ಬಂದು ಗುಳಿಗೆಯದೇ ವಿಷವೆಂದರು. ಮೂರು ದಿನಕ್ಕೆ ಬಸವ್ವ ಸರಿಹೋದಳು, ನಡುಕವೂ ಮರಳಿತು. ಅವಳಿಗೆ ಏನೂ ನೆನಪಿರಲಿಲ್ಲ. ಗಂಡಿನ ಕಡೆಯವರು ಒಪ್ಪಲಿಲ್ಲ. ಹುಡುಗಿಯ ಅಜ್ಜಿ ಅವರೆದುರೇ ಗೋಡೆಯ ಜೊತೆ ಮಾತಾಡಿದ್ದಳಂತೆ. ಈರಪ್ಪನಿಗೆ ತಕ್ಕ ಶಾಸ್ತಿ.

ನನ್ನ ಅಂಗೈಗೆ ಮುಲಾಮು ಹಚ್ಚುತ್ತ ಡಾಕ್ಟರು, “ಎಲ್ಲಿ ಸುಟಗೊಂಡ್ರಿ?” ಎಂದು ಕೇಳಿದರು. ಇಂದಿಗೂ ಯಾರಾದರೂ ಬಿಸಿ ರೊಟ್ಟಿ ಕೊಡಲು ಬಂದರೆ ನಾನು ಕೈ ಹಿಂದಕ್ಕೆಳೆದುಕೊಂಡು ತಾಟು ಕೇಳುತ್ತೇನೆ.