ಕಿರುಬೆರಳಿಲ್ಲದ ಕೈ

ದೆವ್ವ, ಪವಾಡ ಅಂತ ಯಾರಾದರೂ ಶುರುಮಾಡಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದವಳು ನಾನು. ನೀವೂ ಹಾಗೇ ಇದ್ದರೆ ತಪ್ಪೇನಿಲ್ಲ. ನಡೆದದ್ದಷ್ಟನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕದ ಮಾತು. ದೆಹಲಿಯಲ್ಲಿದ್ದ ಮಗಳು ಚೊಚ್ಚಲ ಬಸುರಿ. ತವರಿಗೆ ಕರೆತರೋಣವೆಂದರೆ ಪ್ರಯಾಣ ಕೂಡದೆಂದು ಅಲ್ಲಿನ ಡಾಕ್ಟರು ಹೇಳಿದ್ದರು. ನಾನೇ ಹೋಗಲೆಂದು ಅಳಿಯ ವಿಮಾನದ ಟಿಕೆಟ್ ಕಳಿಸಿದ. ವಿಮಾನ ನನಗೆ ಹೊಸದಲ್ಲ, ಹಿಂದಿನ ವರ್ಷವೂ ಹೋಗಿಬಂದಿದ್ದೆ. ಅಷ್ಟರಲ್ಲಿ ಮದ್ದೂರಿನ ಹತ್ತಿರದ ಕೊಪ್ಪದ ನಮ್ಮನೆಯ ಹಸು, ಕರುವನ್ನು ಕೆಚ್ಚಲಿನಿಂದ ಎಳೆದು ಕಟ್ಟುವಾಗ ತಲೆ ಕೊಡವಿ ನನ್ನ ಎಡಗೆನ್ನೆಯ ಮೂಳೆ ಮುರಿಯಿತು. ಮಂಡ್ಯದ ಡಾಕ್ಟರು, ಜೋರಾಗಿ ಮೂಗು ಸೀಟಬೇಡಿ, ನಾನು ಹೇಳುವವರೆಗೆ ವಿಮಾನ ಹತ್ತಬೇಡಿ ಎಂದರು. ಊತ ಇಳಿದದ್ದೇ ತಡ, ನಾನು ಅವರನ್ನು ಕೇಳದೆ ಹೊರಟೆ. ಹೆತ್ತ ಕರುಳು, ಕೇಳಬೇಕಲ್ಲ.

ಮದ್ದೂರಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದೆ. ಹಾಡಹಗಲು, ಸುತ್ತ ಜನ. ಮುದುಕಿಯೊಬ್ಬಳು ಸೀದಾ ಬಂದು ಎರಡು ಕೈಯಲ್ಲಿ ನನ್ನ ಮುಖ ಸವರಿ, ದೃಷ್ಟಿ ತೆಗೆಯುವವರಂತೆ ಬೆರಳನ್ನು ತನ್ನ ಕಪಾಲಕ್ಕೆ ಒತ್ತಿ ನೆಟಿಕೆ ಮುರಿದಳು. ಒಂದು ಬೆರಳೂ ಸದ್ದು ಮಾಡಲಿಲ್ಲ. ಸವರಿದಾಗ ನನ್ನ ಕೆನ್ನೆಯೊಳಗೇ ಚರಚರ ಎಂದಿತ್ತು. ಅವಳ ಬಲಗೈಗೆ ಕಿರುಬೆರಳಿರಲಿಲ್ಲ.

“ಮೂಳೆ ಇನ್ನೂ ಕೂಡಿಲ್ಲ ಕಣವ್ವ. ಮ್ಯಾಕ್ ಆರಬ್ಯಾಡ, ವಾಪಸ್ ಓಗು. ನಿನ್ ಮಗಳತ್ರ ನಾನಿರ್ತೀನಿ ಬುಡು,” ಎಂದಳು.

ಮಗಳ ಮಾತಾಗಲಿ ವಿಮಾನದ ಮಾತಾಗಲಿ ನಾನು ಎತ್ತಿರಲಿಲ್ಲ. ಕೇಳೋಣವೆಂದು ತಿರುಗುವಷ್ಟರಲ್ಲಿ ಬಸ್ಸು ಬಂದು ನೂಕುನುಗ್ಗಲಾಯಿತು. ಆಮೇಲೆ ಅವಳು ಕಾಣಲಿಲ್ಲ. ಹೆದರಿದೆ, ಹೇಳಲು ನಾಚಿಕೆಯೇನು. ಮಂಡ್ಯದ ಬಸ್ಸು ಹತ್ತಿದೆ.

ಡಾಕ್ಟರು ಕೆನ್ನೆ ಒತ್ತಿದರು, ಅದೇ ಚರಚರ. ಚರ್ಮದಡಿ ಗಾಳಿ ಸೋರಿದೆ, ಈಗ ಹಾರಿದ್ದರೆ ಕಣ್ಣಿಗೆ ಅಪಾಯವಿತ್ತು ಎಂದು ಬೈದು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಮಗಳ ನೋವಿನ ಹೊತ್ತಿಗೆ ನಾನಿಲ್ಲವಲ್ಲ ಎಂದು ಅತ್ತೆ. ಮರುದಿನ ತಂತಿ ಬಂತು: ಹೆಣ್ಣುಮಗು, ಇಬ್ಬರೂ ಕ್ಷೇಮ.

ಮೂಳೆ ಪೂರ್ತಿ ಕೂಡಿ, ಡಾಕ್ಟರು ಹೂಂ ಅಂದ ಮೇಲೇ ವಿಮಾನ ಹತ್ತಿದೆ. ಮೇಲೇರುವಾಗ ಉಸಿರು ಬಿಗಿಹಿಡಿದು ಕೆನ್ನೆ ಮುಟ್ಟಿಕೊಂಡೇ ಕೂತಿದ್ದೆ. ಏನೂ ಆಗಲಿಲ್ಲ.

ಮುದುಕಿಯ ವಿಷಯ ಯಾರಿಗೂ ಹೇಳಿರಲಿಲ್ಲ. ದೆಹಲಿಯಲ್ಲಿ ಮಗು ನನ್ನ ಮಡಿಲಿಗೆ ಬಂದಾಗ ಮಗಳೇ ಕೇಳಿದಳು, “ಅಮ್ಮ, ನೋವು ತಿನ್ನುವಾಗ ಒಂದಜ್ಜಿ ಬಂದು ಮುಖ ಸವರಿ ನೆಟಿಕೆ ಮುರಿದ್ಲು. ನಮ್ಮೂರ ಕಡೆಯ ಮಾತು. ನೀನೇ ಕಳಿಸಿದ್ದಾ? ಪಾಪ, ಕಿರುಬೆರಳೇ ಇರ್ಲಿಲ್ಲ.”

ಹೂಂ ಅಂದೆ. ಆಗ ಯಾಕೆ ಹಾಗಂದೆನೋ ಇವತ್ತಿಗೂ ತಿಳಿಯದು. ಈಗಲೂ ಮಕ್ಕಳಿಗೆ ನೆಟಿಕೆ ಮುರಿಯುವ ಮುಂಚೆ ಒಮ್ಮೆ ನನ್ನ ಬಲಗೈ ನೋಡಿಕೊಳ್ಳುತ್ತೇನೆ.